ಕೌದಿಯ ಬೆಲೆ ಕಟ್ಟುವುದು ಹೇಗೆ?

ಗಜೇಂದ್ರಗಡದ ಸೀಮೆಯ ಲಕ್ಕಲಕಟ್ಟಿಯಂತಹ ಊರುಗಳಿಗೆ ಕೌದಿ ಹೊಸದಲ್ಲ. ತೊಟ್ಟಿಲ ಕೂಸಿಗೆ ಅದೇ ಮೆತ್ತೆ, ಬಾಣಂತಿಗೆ ಅದೇ ಹೊದಿಕೆ, ಬಂದ ಬೀಗರಿಗೆ ಪಡಸಾಲೆಯಲ್ಲಿ ಹಾಸುವುದೂ ಅದನ್ನೇ. ಸುಗ್ಗಿ ಮುಗಿದು ಹೊಲದ ಕೆಲಸ ಬಿಡುವು ಕೊಟ್ಟ ಬೇಸಗೆಯ ಮಧ್ಯಾಹ್ನಗಳಲ್ಲಿ ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ಅಂಚಿನಿಂದ ನಡುವಿನತ್ತ ಹೊಲಿಯುತ್ತ ಬರುವ ಕೆಲಸವದು. ತಾಯಿ ಮಗಳಿಗೆ ಹೊಲಿದುಕೊಟ್ಟದ್ದಕ್ಕೆ ಲೆಕ್ಕವೆಲ್ಲಿಯದು? ಮನೆಯಲ್ಲಿ ಕೈ ಸಾಲದಿದ್ದರೆ ಹೊಲಿಯುವ ಹೆಂಗಸರನ್ನು ಕರೆಸುವುದುಂಟು. ಆಗಲೂ ಅರಿವೆ ಮನೆಯದೇ, ಕೊಡುವುದು ಕೈಗೂಲಿ ಮಾತ್ರ.

ತೊಡಕು ಹುಟ್ಟಿದ್ದು ಕೌದಿ ಪೇಟೆಗೆ ಬಂದ ಮೇಲೆ. ನಗರದ ಕರಕುಶಲ ಮೇಳಗಳಲ್ಲಿ ಅದನ್ನು ಕೈಗೆತ್ತಿಕೊಂಡ ಗೃಹಿಣಿ ಚೀಟಿಯ ಮೇಲಿನ ಬೆಲೆ ನೋಡಿ, “ಹಳೆಯ ಸೀರೆಯ ಚಿಂದಿಗೆ ಇಷ್ಟು ದುಡ್ಡೇ?” ಎಂದು ಕೇಳುವುದು ಸಹಜ. ಆದರೆ ಆ ಪ್ರಶ್ನೆ ಅರಿವೆಯನ್ನಷ್ಟೇ ಎಣಿಸುತ್ತದೆ, ಹೊಲಿಗೆಯನ್ನು ಎಣಿಸುವುದಿಲ್ಲ.

ಎಣಿಸಿದರೆ ಏನಾಗುತ್ತದೆ? ಏಳು ಅಡಿ ಉದ್ದ, ಐದು ಅಡಿ ಅಗಲದ ಒಂದು ಕೌದಿಯನ್ನು ತೆಗೆದುಕೊಳ್ಳಬಹುದು. ಹೊಲಿಗೆಯ ಸಾಲುಗಳ ನಡುವೆ ಅರ್ಧ ಅಂಗುಲದ ಅಂತರವಿದ್ದರೆ, ಸೂಜಿ ನಡೆಯಬೇಕಾದ ಒಟ್ಟು ದಾರಿ 840 ಅಡಿ. ಅರ್ಧ ಅಂಗುಲಕ್ಕೊಂದು ಹೊಲಿಗೆಯಂತೆ ಹಿಡಿದರೂ ಇಪ್ಪತ್ತು ಸಾವಿರ ದಾಟುತ್ತದೆ. ನಾಲ್ಕಾರು ಪದರಗಳ ಅರಿವೆಯಲ್ಲಿ ಸೂಜಿಯನ್ನು ಚುಚ್ಚಿ ಎಳೆಯುವುದು ಕುಬಸದ ಗುಂಡಿ ಹಚ್ಚಿದಷ್ಟು ಹಗುರವಲ್ಲ. ಪಳಗಿದ ಕೈ ನಿಮಿಷಕ್ಕೆ ಹತ್ತು ಹೊಲಿಗೆ ಹಾಕುತ್ತದೆಂದು ಇಟ್ಟುಕೊಂಡರೂ ಮೂವತ್ತಮೂರು ಗಂಟೆಗಳ ಮೇಲೆಯೇ ಆಯಿತು. ಸೀರೆ ಬಿಚ್ಚಿ ಒಗೆದು, ಕತ್ತರಿಸಿ, ಬಣ್ಣಕ್ಕೆ ಬಣ್ಣ ಕೂಡಿಸಿ ಹಾಸುವುದಕ್ಕೆ ಇನ್ನಾರು ಗಂಟೆ. ಅಲ್ಲಿಗೆ ಎಂಟು ಗಂಟೆಯ ಐದು ಪೂರ್ಣ ದಿನಗಳ ದುಡಿಮೆ. ಸಾಲುಗಳು ಇನ್ನೂ ಒತ್ತಾದರೆ ದಿನಗಳೂ ಹೆಚ್ಚುತ್ತವೆ.

2024-25ನೆಯ ಸಾಲಿನಲ್ಲಿ ಉದ್ಯೋಗ ಖಾತರಿ ಯೋಜನೆಯಡಿ ಕರ್ನಾಟಕದಲ್ಲಿ ಮಣ್ಣು ಹೊತ್ತವರಿಗೆ ಗೊತ್ತುಪಡಿಸಿದ್ದ ದಿನಗೂಲಿ 349 ರೂಪಾಯಿ. ಐದು ದಿನಕ್ಕೆ 1,745 ರೂಪಾಯಿ. ನೂಲಿನ ಖರ್ಚು, ಅರಿವೆಯ ಬೆಲೆ, ಸಾಗಾಣಿಕೆ, ಅಂಗಡಿಯವನ ಲಾಭ ಯಾವುದೂ ಇದರಲ್ಲಿ ಸೇರಿಲ್ಲ. ಆ ವರ್ಷ ಇಂತಹ ಕೌದಿಗೆ ಇದಕ್ಕಿಂತ ಕಡಿಮೆ ಹಣ ಪಡೆದ ಹೆಣ್ಣುಮಗಳು ಕೆರೆಯ ಹೂಳೆತ್ತಲು ಹೋಗಿದ್ದರೆ ಹೆಚ್ಚು ಗಳಿಸುತ್ತಿದ್ದಳೆಂದು ಅರ್ಥ. “ಮನೆಯಲ್ಲಿ ಕುಳಿತು ಹೊಲಿಯುವುದಲ್ಲವೇ, ಬಿಡುವಿನ ಕೆಲಸವಲ್ಲವೇ” ಎಂಬ ಸಮಾಧಾನ ಕೊಳ್ಳುವವರಿಗೆ ಅನುಕೂಲವಾದದ್ದು. ಹೊಲಿಯುವವಳ ಬೆನ್ನು, ಕಣ್ಣುಗಳಿಗೆ ಆ ಭೇದ ತಿಳಿಯದು.

ಅರಿವೆಯೂ ಪುಕ್ಕಟೆಯಲ್ಲ. ಹಳೆಯ ಸೀರೆಗಳನ್ನು ಕೊಟ್ಟು ಸ್ಟೀಲಿನ ಪಾತ್ರೆ ಪಡೆದ ಯಾವ ಗೃಹಿಣಿಗೂ ಈ ಮಾತು ಹೊಸದಲ್ಲ. ಅದರಲ್ಲಿಯೂ ಹತ್ತಾರು ವರ್ಷ ಉಟ್ಟು ಒಗೆದು ಮೆತ್ತಗಾದ ಇಳಕಲ್ಲಿನ ಹತ್ತಿಯ ಸೀರೆ ಈಗ ಸುಲಭವಾಗಿ ದೊರೆಯುವಂತಹುದಲ್ಲ. ನೈಲಾನು, ಪಾಲಿಯೆಸ್ಟರುಗಳು ಬಂದ ಮೇಲೆ ಹಳೆಯ ಸೀರೆಯ ಗಂಟಿನಲ್ಲಿ ಅವೇ ಹೆಚ್ಚು. ಅವು ಹೊಲಿಯುವಾಗ ಜಾರುತ್ತವೆ, ಬೆವರು ಹೀರುವುದಿಲ್ಲ. ನಡುವಿನ ಪದರಗಳೂ ಹತ್ತಿಯದೇ ಆಗಿದ್ದರೆ ಅದಕ್ಕೆ ಹೆಚ್ಚು ಬೆಲೆ ಸಲ್ಲುವುದು ನ್ಯಾಯ. ಮೇಲೆ ಗುಳೇದಗುಡ್ಡದ ಖಣದ ತುಂಡುಗಳಿದ್ದರೆ ಅಂದ ಹೆಚ್ಚುತ್ತದೆ ನಿಜ, ಆದರೆ ಕೌದಿಯ ಬಾಳಿಕೆ ಖಣದಲ್ಲಿಲ್ಲ, ಹೊಲಿಗೆಯಲ್ಲಿದೆ.

ಆದುದರಿಂದ ಕೊಳ್ಳುವವರು ಕೌದಿಯನ್ನು ಮೊದಲು ಮಗುಚಿ ನೋಡಬೇಕು. ಕೈಹೊಲಿಗೆಯಲ್ಲಿ ನೂಲು ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹೋಗುವುದರಿಂದ ಎರಡೂ ಬದಿಗೆ ಹೊಲಿಗೆಗಳ ನಡುವೆ ತೆರಪು ಕಾಣುತ್ತದೆ. ಯಂತ್ರದ ಹೊಲಿಗೆಯಲ್ಲಿ ತೆರಪಿಲ್ಲ, ಗೆರೆ ಎಳೆದಂತೆ ಒಂದೇ ಸಾಲು. ಯಂತ್ರದ್ದು ಕೆಟ್ಟದ್ದೆಂದಲ್ಲ, ಅದನ್ನು ಕೈಯದೆಂದು ಹೇಳಿ ಮಾರುವುದು ಕೆಟ್ಟದ್ದು. ಅನಂತರ ನಾಲ್ಕು ಮೂಲೆಗಳನ್ನು ಹಿಡಿದು ಜಗ್ಗಿ ನೋಡಿದರೆ, ಒಳಪದರ ಗುಡ್ಡೆಗಟ್ಟಿದ್ದರೆ ತಿಳಿಯುತ್ತದೆ.

ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಸಿದ್ದಿ ಹೆಂಗಸರು ಇದೇ ಬಗೆಯ ಹೊದಿಕೆಯನ್ನು ಹೊಲಿಯುತ್ತಾರೆ, ಅವರದು ಕವಂದಿ. ಮೂಲೆಗಳಲ್ಲಿ ಮಡಿಸಿದ ಬಟ್ಟೆಯ ತ್ರಿಕೋನಗಳನ್ನು ಕೂಡಿಸದಿದ್ದರೆ ಅದು ಬೆತ್ತಲೆಯೆಂದು ಅವರ ಭಾವನೆ. ಆ ಹೂಗಳಿಂದ ಬೆಚ್ಚಗಾಗುವುದೇನೂ ಇಲ್ಲ. ಆದರೂ ಅವುಗಳನ್ನು ಮಡಿಸಿದ ಗಳಿಗೆಗಳಿಗೆ ಕೂಲಿ ಬೇಡವೆನ್ನಲಾದೀತೇ?

ಹೊರದೇಶದ ಕಥೆಯೂ ಇದೇ. ಅಮೆರಿಕದ ಅಲಬಾಮಾದ ಗೀಸ್ ಬೆಂಡ್ ಎಂಬಲ್ಲಿ ಕರಿಯ ಜನಾಂಗದ ಬಡ ಹೆಂಗಸರು ಹಳೆಯ ಉಡುಪುಗಳಿಂದ ಹೊಲಿದ ಹೊದಿಕೆಗಳು 2002ರಲ್ಲಿ ಹ್ಯೂಸ್ಟನ್, ನ್ಯೂಯಾರ್ಕುಗಳ ಕಲಾಸಂಗ್ರಹಾಲಯಗಳ ಗೋಡೆಯೇರಿದವು. 2006ರಲ್ಲಿ ಅಂಚೆಚೀಟಿಗಳ ಮೇಲೂ ಬಂದವು. ಮರುವರ್ಷವೇ ಹೊಲಿದವರಲ್ಲಿ ಕೆಲವರು, ತಮಗೆ ಸಲ್ಲಬೇಕಾದ ಹಣ ಸಲ್ಲಲಿಲ್ಲವೆಂದು ನ್ಯಾಯಾಲಯದ ಮೆಟ್ಟಿಲೇರಿದರು. ಆ ವ್ಯಾಜ್ಯಗಳು 2008ರಲ್ಲಿ ರಾಜಿಯಾದವು. ಕೀರ್ತಿ ಬಂದಲ್ಲಿ ಕೂಲಿ ತಾನಾಗಿ ಬರುವುದಿಲ್ಲವಷ್ಟೆ.

ಅಜ್ಜಿಯ ಸೀರೆಗಳನ್ನೇ ಕೊಟ್ಟು ಕೌದಿ ಹೊಲಿಸಿಕೊಳ್ಳುವ ಪದ್ಧತಿ ನಗರಗಳಿಗೂ ಒಗ್ಗುವಂತಹುದು. ಆಗ ಬೆಲೆಯಲ್ಲಿ ಅರಿವೆಯ ಪಾಲು ಇಳಿಯುತ್ತದೆ. ಹೊಲಿಗೆಯ ಪಾಲು ಇಳಿಯುವುದಿಲ್ಲ, ಇಳಿಸೆಂದು ಕೇಳುವುದೂ ಸಲ್ಲ. ಅಳತೆ, ಸಾಲುಗಳ ಅಂತರ, ದಿನಗಳ ಲೆಕ್ಕ ಇವನ್ನು ಮೊದಲೇ ಮಾತಾಡಿಕೊಂಡು, ಅರ್ಧ ಹಣವನ್ನು ಮುಂಗಡವಾಗಿ ಕೊಟ್ಟರೆ ಹೊಲಿಯುವವಳು ನೂಲಿಗಾಗಿ ಸಾಲ ಮಾಡಬೇಕಾಗುವುದಿಲ್ಲ.