ಇಲ್ಲಿ ಮಳೆ ಕರೆವ ಗುರ್ಜಿ, ಅಲ್ಲಿ ಮಳೆ ತಡೆವ ಗೊಂಬೆ

ಮರುದಿನ ಶಾಲೆಯ ಪ್ರವಾಸವಿದೆ, ಆಕಾಶದಲ್ಲಿ ಮೋಡ ಕವಿದಿದೆ ಎಂದಾದರೆ ಜಪಾನಿನ ಮಕ್ಕಳು ಹಿಂದಿನ ಸಂಜೆಯೇ ಒಂದು ಗೊಂಬೆ ಮಾಡುತ್ತಾರೆ. ಬಟ್ಟೆಯ ಅಥವಾ ಕಾಗದದ ಉಂಡೆಗೆ ಬಿಳಿಯ ತುಂಡೊಂದನ್ನು ಹೊದಿಸಿ, ಕುತ್ತಿಗೆಗೆ ದಾರ ಬಿಗಿದು ಕಿಟಕಿಗೋ ಸೂರಿಗೋ ತೂಗುಹಾಕುತ್ತಾರೆ. ಇದರ ಹೆಸರು ‘ತೆರು ತೆರು ಬೋಜು’. ತೆರು ಎಂದರೆ ಬೆಳಗು, ಬೋಜು ಎಂದರೆ ತಲೆ ಬೋಳಿಸಿದ ಬೌದ್ಧ ಸನ್ಯಾಸಿ. ನಾಳೆ ಬಿಸಿಲು ಬರಲಿ ಎಂಬುದು ಬೇಡಿಕೆ. ಬಿಸಿಲು ಬಂದರೆ ಹಿಂದಿನ ಕಾಲದಲ್ಲಿ ಗೊಂಬೆಗೆ ಕಣ್ಣು ಬರೆದು, ಅಕ್ಕಿಯ ಮದ್ಯ ಅರ್ಪಿಸಿ ಹೊಳೆಗೆ ಬಿಡುತ್ತಿದ್ದರು. ಬರದಿದ್ದರೆ? ಅಲ್ಲಿನ ಮಕ್ಕಳಿಗೆಲ್ಲ ಗೊತ್ತಿರುವ 1921ರ ಹಾಡೊಂದು ಕೊನೆಯ ನುಡಿಯಲ್ಲಿ ಗೊಂಬೆಯ ತಲೆ ಕತ್ತರಿಸುವ ಬೆದರಿಕೆಯನ್ನೇ ಹಾಕುತ್ತದೆ.

ಧಾರವಾಡ ಸೀಮೆಯ ಗುರ್ಜಿಯನ್ನು ಕಂಡವರಿಗೆ ಇದು ತೀರ ಹೊಸದೆನಿಸದು. ವಿಧಾನದಲ್ಲಿ ಹೋಲಿಕೆಯಿದೆ, ಬೇಡಿಕೆ ಮಾತ್ರ ತಿರುವುಮುರುವು. ಮೃಗಶಿರಾ, ಆರಿದ್ರಾ ಮಳೆಗಳು ಕೈಕೊಟ್ಟು, ಬಿತ್ತಿದ ಬೀಜ ಎರೆಮಣ್ಣಿನಲ್ಲೇ ಕಮರತೊಡಗಿದಾಗ ಊರ ಹುಡುಗರು ಗುರ್ಜಿ ಹೊರಡಿಸುತ್ತಾರೆ. ಗುರ್ಜಿ ಎಂದರೆ ಸಗಣಿಯಲ್ಲಿ ಮಾಡಿ ಗರಿಕೆ ಸಿಕ್ಕಿಸಿದ ಪುಟ್ಟ ಮೂರ್ತಿ. ರೊಟ್ಟಿ ಹಂಚನ್ನು ಬೋರಲು ಮಾಡಿ, ಅದರ ಮೇಲೆ ಗುರ್ಜಿಯನ್ನಿಟ್ಟು, ಬರಿಮೈಯ ಹುಡುಗನೊಬ್ಬನ ತಲೆಗೆ ಹೊರಿಸುತ್ತಾರೆ. ಪ್ರತಿ ಮನೆಯ ಮುಂದೆ ಹಾಡು. ಮನೆಯೊಡತಿ ಕೊಡ ತಂದು ಹಂಚಿನ ಮೇಲೆ ನೀರು ಸುರಿಯುತ್ತಾಳೆ, ಹುಡುಗ ಗಿರಗಿರನೆ ತಿರುಗುತ್ತಾನೆ, ನೀರು ಸುತ್ತಲೂ ಹನಿಯಾಗಿ ಸಿಡಿಯುತ್ತದೆ. ಬೇಡಿ ತಂದ ಜೋಳ, ಹಿಟ್ಟು, ಬೇಳೆಯಿಂದ ಅಡುಗೆ ಮಾಡಿ ಎಲ್ಲರೂ ಕೂಡಿ ಉಣ್ಣುತ್ತಾರೆ.

ಇದರಲ್ಲಿ ಬಿಡಿಸಿ ಹೇಳಬೇಕಾದ ಗೂಢವೇನೂ ಇಲ್ಲ. ಹಂಚು ಬೋರಲು ಬಿತ್ತೆಂದರೆ ಒಲೆ ಆರಿತೆಂದೇ ಅರ್ಥ. ಮಸಿ ಹಿಡಿದ ಅದರ ಬೆನ್ನು ಕಾರ್ಮುಗಿಲಿನ ಹಾಗೆಯೇ ಕಾಣುತ್ತದೆ. ತಿರುಗುವ ಹುಡುಗ ಮಳೆ ಹೇಗೆ ಸುರಿಯಬೇಕೆಂದು ಆಕಾಶಕ್ಕೆ ಮಾಡಿ ತೋರಿಸುತ್ತಾನೆ. ಮಳೆ ಬಂತೋ ಇಲ್ಲವೋ, ಬರದ ದಿನದಲ್ಲಿ ಕಾಳಿದ್ದ ಮನೆಯ ಕಾಳು ಇಲ್ಲದವರ ಹೊಟ್ಟೆಗೂ ಸೇರುತ್ತದೆ. ಗುರ್ಜಿಯ ನಿಜವಾದ ಕೆಲಸ ಇದೇ ಇದ್ದೀತು ಎಂದು ನನಗನ್ನಿಸುತ್ತದೆ.

ಬೇಡಿಕೆ ಏಕೆ ತಿರುವುಮುರುವಾಯಿತು ಎಂಬುದನ್ನು ಮಳೆಯ ಲೆಕ್ಕವೇ ಹೇಳುತ್ತದೆ. ಧಾರವಾಡದಲ್ಲಿ ವರ್ಷಕ್ಕೆ ಸರಾಸರಿ 800 ಮಿ.ಮೀ. ಆಸುಪಾಸು ಮಳೆ, ಪೂರ್ವದ ನವಲಗುಂದ, ಅಣ್ಣಿಗೇರಿ ಕಡೆ ಇನ್ನೂ ಕಡಿಮೆ. ಟೋಕಿಯೋದಲ್ಲಿ ಸುಮಾರು 1,600 ಮಿ.ಮೀ. ಅಲ್ಲಿ ಜೂನ್ ಮೊದಲ ಭಾಗದಿಂದ ಜುಲೈ ನಡುವಿನವರೆಗೆ ‘ತ್ಸುಯು’ ಎಂಬ ಜಡಿಮಳೆಯ ಕಾಲ. ಪ್ಲಮ್ ಹಣ್ಣು ಮಾಗುವ ಹೊತ್ತಿನ ಮಳೆಯಾದ್ದರಿಂದ ಆ ಹಣ್ಣಿನ ಮತ್ತು ಮಳೆಯ ಅಕ್ಷರಗಳನ್ನು ಕೂಡಿಸಿ ಆ ಹೆಸರನ್ನು ಬರೆಯುತ್ತಾರೆ. ಬಟ್ಟೆ ಒಣಗದ, ಗೋಡೆ ಬೂಸಲು ಹಿಡಿಯುವ ಆ ದಿನಗಳಲ್ಲಿ ಬಿಸಿಲೇ ವರ. ಆದರೆ ಅಲ್ಲೂ ಮಳೆ ಬೇಕಾದಾಗ ಅದೇ ಗೊಂಬೆಯನ್ನು ತಲೆಕೆಳಗಾಗಿ ತೂಗುಹಾಕುವುದುಂಟು. ನಾವು ಹಂಚನ್ನು ಬೋರಲು ಹಾಕುತ್ತೇವೆ, ಅವರು ಸನ್ಯಾಸಿಯನ್ನು!

ತಲೆ ಕತ್ತರಿಸುವ ಮಾತಿಗೂ ನಮ್ಮಲ್ಲಿ ಜೊತೆಯಿದೆ. ಭಾದ್ರಪದ ಶುದ್ಧ ಅಷ್ಟಮಿಗೆ ಹುಟ್ಟಿ ಹುಣ್ಣಿಮೆಯ ರಾತ್ರಿ ಸಾಯುವ ಜೋಕುಮಾರನ ಕಥೆ ಅದು. ಮಣ್ಣಿನ ಮೂರ್ತಿ: ಅಗಲ ಕಣ್ಣು, ಹುರಿ ಮೀಸೆ, ತೆರೆದ ಬಾಯಿಗೆ ಮೆತ್ತಿದ ಬೆಣ್ಣೆ, ಸುತ್ತಲೂ ಬೇವಿನ ತೊಪ್ಪಲು. ಅಂಬಿಗ, ಬಾರಿಕೇರ ಮೊದಲಾದ ಮನೆತನಗಳ ಹೆಣ್ಣುಮಕ್ಕಳು ಅವನನ್ನು ಬುಟ್ಟಿಯಲ್ಲಿ ಹೊತ್ತು ಮನೆಮನೆಗೆ ಹೋಗಿ ಹಾಡುತ್ತಾರೆ, ಕಾಳು ಪಡೆಯುತ್ತಾರೆ. ಅವರು ಕೊಟ್ಟ ಪ್ರಸಾದವನ್ನು ರೈತರು ಹೊಲಕ್ಕೆ ಚೆಲ್ಲುತ್ತಾರೆ. ಹೆಂಗಸರ ಬೆನ್ನುಬಿದ್ದ ಈ ಪುಂಡನನ್ನು ಏಳನೆಯ ದಿನ ಕೊಲ್ಲಲಾಯಿತೆಂದು ಕಥೆ. ಅದರಂತೆ ಹುಣ್ಣಿಮೆಯ ರಾತ್ರಿ ಮೂರ್ತಿಯನ್ನು ಒನಕೆಯಿಂದ ಜಜ್ಜಿ ಅಗಸರ ಕಲ್ಲಿನ ಬಳಿ ಬಿಡುತ್ತಾರೆ. ಆಮೇಲೆ ಮೂರು ದಿನ ಆ ಕಲ್ಲಿನ ಮೇಲೆ ಬಟ್ಟೆ ಒಗೆಯಬಾರದು.

ಸತ್ತು ಹೋದವನು ಮೇಲೆ ಹೋಗಿ ಏನು ಮಾಡುತ್ತಾನೆ? ಇಲ್ಲಿಯೇ ಜನಪದರ ಜಾಣ್ಮೆ ಇರುವುದು. ಕೆಲವೇ ದಿನ ಮೊದಲು ಗಣಪ ಬಂದು ಕಡುಬು, ಮೋದಕ ತಿಂದು, ಜನ ಸುಖವಾಗಿದ್ದಾರೆಂದು ತಾಯಿತಂದೆಗೆ ವರದಿ ಕೊಟ್ಟಿರುತ್ತಾನೆ. ಹೊಲದಲ್ಲಿ ತಿರುಗಿದ ಜೋಕುಮಾರ ಬೆಳೆ ಒಣಗಿದ್ದನ್ನು, ಜನ ಅಂಬಲಿ ಕುಡಿದು ಬದುಕುತ್ತಿರುವುದನ್ನು ಹೇಳುತ್ತಾನೆ. ಅವನ ಮಾತು ಕೇಳಿ ಶಿವ ಮಳೆ ಕಳಿಸುತ್ತಾನೆ. ಪತ್ರಿಕೆಯಲ್ಲಿ ದುಡಿಯುವ ನನ್ನಂಥವರಿಗೆ ಜೋಕುಮಾರನ ಮೇಲೆ ತುಸು ಹೆಚ್ಚಿನ ಪ್ರೀತಿ ಹುಟ್ಟಿದರೆ ತಪ್ಪಿಲ್ಲ.

ಹಾಗಾದರೆ ಜಪಾನಿನ ಗೊಂಬೆ ನಮ್ಮ ಗುರ್ಜಿಯ, ಜೋಕುಮಾರನ ನಂಟನೇ? ಇಂಥ ಹೋಲಿಕೆ ಕಂಡೊಡನೆ ‘ಎಲ್ಲವೂ ಭಾರತದಿಂದಲೇ ಹೋದದ್ದು’ ಎನ್ನುವ ಚಪಲ ನಮ್ಮಲ್ಲಿದೆ. ಇಲ್ಲಿ ಅದಕ್ಕೆ ಆಧಾರವಿಲ್ಲ. ಮಳೆ ನಿಲ್ಲಿಸುವೆನೆಂದು ಮಾತುಕೊಟ್ಟು ಸೋತ ಸನ್ಯಾಸಿಯೊಬ್ಬನ ತಲೆ ಹೋಯಿತು, ಆ ಗೊಂಬೆ ಅವನದೇ ಎಂಬ ಕಥೆಯನ್ನು ಜಪಾನಿನಲ್ಲಿ ಹೇಳುತ್ತಾರಾದರೂ ಅದಕ್ಕೆ ಗಟ್ಟಿ ದಾಖಲೆಯಿಲ್ಲ. ಮೂಲ ಹುಡುಕುವವರು ಹೆಚ್ಚಾಗಿ ಬೊಟ್ಟುಮಾಡುವುದು ಚೀನಾದತ್ತ. ಅಲ್ಲಿ ಮಳೆ ಹಿಡಿದರೆ ಕೈಯಲ್ಲಿ ಕಸಬರಿಗೆ ಹಿಡಿದ ಹುಡುಗಿಯ ಕಾಗದದ ಗೊಂಬೆಯನ್ನು ಸೂರಿಗೆ ಕಟ್ಟುತ್ತಿದ್ದರು, ಮೋಡ ಗುಡಿಸಲೆಂದು. ಗುರ್ಜಿಯ ಹತ್ತಿರದ ನಂಟು ಮಹಾರಾಷ್ಟ್ರದ ‘ಧೋಂಡಿ’. ಬೇವಿನ ಸೊಪ್ಪು ಸುತ್ತಿಕೊಂಡವನ ಮೇಲೆ ಅಲ್ಲಿಯೂ ನೀರು ಸುರಿಯುತ್ತಾರೆ. ಆದರೆ ಅಷ್ಟು ದೂರದ ಸೆರ್ಬಿಯಾ ದೇಶದ ಹಳ್ಳಿಗಳಲ್ಲೂ ಎಲೆ ಉಟ್ಟ ‘ದೊದೊಲ’ ಎಂಬ ಹುಡುಗಿ ಮನೆಮನೆಗೆ ಹೋಗಿ ಹಾಡುತ್ತಿದ್ದಳು, ಮನೆಯವರು ಅವಳ ಮೇಲೆ ನೀರು ಸುರಿಯುತ್ತಿದ್ದರು. ಒಣ ಹೊಲದ ಮುಂದೆ ನಿಂತ ರೈತ ಎಲ್ಲೇ ಇರಲಿ, ಆಕಾಶಕ್ಕೆ ನೀರು ಸುರಿದು ತೋರಿಸುವುದು ಅವನಿಗೆ ತಾನಾಗಿಯೇ ಹೊಳೆದೀತು. ಯಾರೂ ಯಾರಿಂದಲೂ ಕಲಿಯಬೇಕಿಲ್ಲ.

ಆದರೆ ನಿಜವಾಗಿಯೂ ಇಲ್ಲಿಂದ ಜಪಾನಿಗೆ ನಡೆದುಹೋದ ಮಳೆಯ ಕಥೆಯೊಂದಿದೆ. ಅದರ ನಾಯಕನ ಗುಡಿ ನಮ್ಮ ರಾಜ್ಯದಲ್ಲೇ, ಶೃಂಗೇರಿಗೆ ಸುಮಾರು 10 ಕಿ.ಮೀ. ದೂರದ ಕಿಗ್ಗದಲ್ಲಿದೆ. ಆತ ಋಷ್ಯಶೃಂಗ. ಶೃಂಗೇರಿಗೆ ಆ ಹೆಸರು ಬಂದದ್ದೇ ಅವನಿಂದ ಎನ್ನುತ್ತಾರೆ. ಮಹಾಭಾರತದ ವನಪರ್ವದಲ್ಲಿ ಅವನ ಕಥೆಯಿದೆ: ಜಿಂಕೆಯ ಹೊಟ್ಟೆಯಲ್ಲಿ ಹುಟ್ಟಿ, ತಲೆಯಲ್ಲಿ ಕೊಂಬಿದ್ದು, ಹೆಣ್ಣನ್ನೇ ಕಾಣದೆ ಕಾಡಿನಲ್ಲಿ ಬೆಳೆದ ಮುನಿ. ಬರ ಬಿದ್ದ ಅಂಗ ದೇಶದ ರಾಜ ವೇಶ್ಯೆಯರನ್ನು ಕಳಿಸಿ ಅವನನ್ನು ಕರೆತರಿಸುತ್ತಾನೆ. ಅವನು ಕಾಲಿಟ್ಟೊಡನೆ ಮಳೆ.

ಬೌದ್ಧರೂ ಇದನ್ನು ಹೇಳಿದರು. ಪಾಲಿ ಭಾಷೆಯ ನಳಿನಿಕಾ ಜಾತಕದಲ್ಲಿ ಅವನು ಇಸಿಸಿಂಗ. 5ನೇ ಶತಮಾನದ ಆರಂಭದಲ್ಲಿ ಕುಮಾರಜೀವ ಚೀನೀ ಭಾಷೆಗೆ ತಂದ ಬೌದ್ಧ ಗ್ರಂಥವೊಂದರಲ್ಲಿ ಕಥೆಗೆ ಸೊಗಸಾದ ತಿರುವು ಬಂದಿದೆ. ಮಳೆಯಲ್ಲಿ ಬೆಟ್ಟ ಹತ್ತುತ್ತಿದ್ದ ಒಂಟಿ ಕೊಂಬಿನ ಮುನಿ ಕೆಸರಿನಲ್ಲಿ ಜಾರಿ ಬಿದ್ದು, ಸಿಟ್ಟಿಗೆದ್ದು, ಮಳೆಯೇ ಬೇಡವೆಂದು ಶಾಪ ಕೊಡುತ್ತಾನೆ. ಜಪಾನಿನ 12ನೇ ಶತಮಾನದ ಕಥಾಸಂಗ್ರಹ ‘ಕೊಂಜಾಕು ಮೊನೊಗತಾರಿ’ಯಲ್ಲಿ ಅದೇ ಮುನಿ ಮಳೆ ತರುವ ನಾಗರಾಜರನ್ನು ಹಿಡಿದು ತನ್ನ ನೀರಿನ ಪಾತ್ರೆಯಲ್ಲಿ ಕೂಡಿಹಾಕುತ್ತಾನೆ. ಮುಂದೆ ‘ನೋ’ ರಂಗಭೂಮಿಯಲ್ಲಿ ಅವನ ಹೆಸರು ‘ಇಕ್ಕಾಕು ಸೆನ್ನಿನ್’, ಎಂದರೆ ಒಂಟಿ ಕೊಂಬಿನ ಋಷಿ. ಕಬೂಕಿಗೆ ಬರುವಷ್ಟರಲ್ಲಿ ಕೊಂಬು ಬಿದ್ದುಹೋಗಿದೆ. 1742ರಲ್ಲಿ ಒಸಾಕಾದಲ್ಲಿ ಆಡಿದ ‘ನಾರುಕಾಮಿ’ಯ ಸನ್ಯಾಸಿ ನಾಗದೇವತೆಗಳನ್ನು ಜಲಪಾತದಲ್ಲಿ ಬಂಧಿಸಿದ್ದಾನೆ. ಅರಮನೆಯಿಂದ ಬಂದ ಚೆಲುವೆ ಅವನನ್ನು ಮರುಳುಮಾಡಿ, ಮದ್ಯ ಕುಡಿಸಿ ಮಲಗಿಸಿ, ಜಲಪಾತಕ್ಕೆ ಕಟ್ಟಿದ ಮಂತ್ರದ ಹಗ್ಗವನ್ನು ಕತ್ತರಿಸುತ್ತಾಳೆ. ಧೋ ಎಂದು ಮಳೆ! ಜಪಾನೀಯರು ಇಂದಿಗೂ ಆಡುವ ನಾಟಕವಿದು.

ಎರಡೂ ಹೋಲಿಕೆಗಳೇ ಆದರೂ ಒಂದು ತೂಕದವಲ್ಲ. ನೀರು ಸುರಿಯುವ ಆಚರಣೆಯನ್ನು ಬರಗಾಲವೇ ಹುಟ್ಟಿಸಬಲ್ಲದು. ಮುನಿಯ ತಲೆಗೆ ಕೊಂಬನ್ನು ಮಾತ್ರ ಯಾವ ಬರವೂ ಹುಟ್ಟಿಸದು. ಕೊಂಬು, ಹೆಣ್ಣರಿಯದ ಮುನಿ, ಅರಮನೆ ಕಳಿಸಿದ ಹೆಣ್ಣು, ಕೊನೆಗೆ ಮಳೆ, ಇಷ್ಟೂ ಎರಡು ಕಡೆ ಒಟ್ಟಿಗೆ ಸಿಕ್ಕರೆ, ನಡುವಿನ ಚೀನೀ ಗ್ರಂಥವೂ ಕೈಗೆ ಸಿಕ್ಕರೆ, ಆಗ ನಂಟು ಎನ್ನಬಹುದು. ಸಂಪ್ರದಾಯಗಳ ಮೂಲ ಹುಡುಕುವವರು ಹಿಡಿಯಬೇಕಾದ್ದು ಇಂಥ ಕೊಂಬುಗಳನ್ನು.

ಜೋಕುಮಾರ ಮತ್ತು ಋಷ್ಯಶೃಂಗ, ಒಬ್ಬ ಹೆಣ್ಣಿನ ಬೆನ್ನು ಬಿಡದವನು, ಇನ್ನೊಬ್ಬ ಹೆಣ್ಣನ್ನೇ ಕಾಣದವನು, ಇಬ್ಬರಿಂದಲೂ ಮಳೆ ಬರುತ್ತದೆ. ಬೆಳಗಾವಿ ಜಿಲ್ಲೆಯ ಘೋಡಗೇರಿಯ ಚಂದ್ರಶೇಖರ ಕಂಬಾರರು ಇಬ್ಬರ ಮೇಲೂ ನಾಟಕ ಬರೆದದ್ದು ಸುಮ್ಮನೆ ಅಲ್ಲ. ಭೂಮಿ ಹಸಿರಾಗುವುದಕ್ಕೂ ಗಂಡುಹೆಣ್ಣಿನ ಕೂಟಕ್ಕೂ ಇರುವ ಸಂಬಂಧವನ್ನು ನಮ್ಮ ಹಳ್ಳಿಗಳು ಮುಚ್ಚಿಟ್ಟವಲ್ಲ. ಜೋಕುಮಾರನ ಮೂರ್ತಿಯನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಗುರ್ಜಿಯ ಕಾಲ ಮುಗಿಯಿತೆನ್ನುವ ಧೈರ್ಯ ಅಂಥ ವರ್ಷದಲ್ಲಿ ಯಾರಿಗೂ ಬಾರದು. ಅದಕ್ಕೆ ನಾಲ್ಕು ವರ್ಷ ಮೊದಲು, 2019ರ ಆಗಸ್ಟ್‌ನಲ್ಲಿ, ನಮ್ಮ ಕಡೆ ಬೆಣ್ಣಿಹಳ್ಳ ಉಕ್ಕಿ ಹೊಲಗಳನ್ನು ನುಂಗಿತ್ತು. ಮಳೆಯನ್ನು ಕರೆಯಲು ಗುರ್ಜಿಯನ್ನೂ ಜೋಕುಮಾರನನ್ನೂ ಇಟ್ಟುಕೊಂಡ ಈ ಸೀಮೆಯಲ್ಲಿ, ಸಾಕು ನಿಲ್ಲು ಎನ್ನಲು ಅಷ್ಟೇ ಹೆಸರಾದ ಗೊಂಬೆಯಿಲ್ಲ. ಅಂಥ ಪ್ರಾರ್ಥನೆಗೆ ಮಲೆನಾಡಿನ ದಾರಿ ಹಿಡಿಯಬೇಕು. ಕಿಗ್ಗದ ಋಷ್ಯಶೃಂಗನಲ್ಲಿ ಮಳೆ ಬರಲೆಂದೂ ಹರಕೆ ಹೊರುತ್ತಾರೆ, ನಿಲ್ಲಲೆಂದೂ ಹೊರುತ್ತಾರೆ.