ಗುಜರಿಗೆ ಹಾಕುವ ಮುನ್ನ ಅಟ್ಟದ ಈಳಿಗೆಯನ್ನೊಮ್ಮೆ ನೋಡಿ

ನಿಮ್ಮ ಮನೆಯ ಅಟ್ಟದ ಮೇಲೋ, ಹಿತ್ತಲ ಮೂಲೆಯಲ್ಲೋ ತುಕ್ಕು ಹಿಡಿದ ಈಳಿಗೆಮಣೆ ಬಿದ್ದಿದೆಯೇ, ಸೋದರಿ? ಹಾಗಿದ್ದರೆ ಗುಜರಿಯವನನ್ನು ಕೂಗುವ ಮೊದಲು ಈ ನಾಲ್ಕು ಮಾತು ಓದಿ. ಕೂಗಿ ಪಶ್ಚಾತ್ತಾಪಪಟ್ಟವಳು ನಾನು!

ನಮ್ಮ ಅಡಿಗೆಮನೆಗೆ ನಿಂತು ಮಾಡುವ ಕಟ್ಟೆ ಬಂದ ವರ್ಷ ಹೊಳೆಯುವ ಸ್ಟೀಲ್ ಚಾಕು ತಂದು, ಹಳೇ ಕಬ್ಬಿಣವನ್ನೆಲ್ಲ ತೂಕಕ್ಕೆ ಹಾಕಿಬಿಟ್ಟೆ. ಅದರಲ್ಲಿ ಅವ್ವ ಕೊಟ್ಟಿದ್ದ ಮೆಟ್ಟುಗತ್ತಿಯೂ ಹೋಯಿತು.

ಮೆಟ್ಟುಗತ್ತಿ ಎಂದರೇನೆಂದು ಚನ್ನಗಿರಿ ಕಡೆಯವರಿಗೆ ಹೇಳಬೇಕಾಗಿಲ್ಲ. ಮರದ ಮಣೆಗೆ ನಿಲ್ಲಿಸಿದ ಬಾಗಿದ ಕತ್ತಿ ಅದು. ಮಣೆಯನ್ನು ಕಾಲಿನಿಂದ ಮೆಟ್ಟಿ ಹಿಡಿದು, ಹಸಿ ಅಡಿಕೆಯನ್ನು ಅಲಗಿಗೆ ಒತ್ತಿ ಸಿಪ್ಪೆ ಬಿಡಿಸುತ್ತಾರೆ. ಕೊಯ್ಲಿನ ದಿನಗಳಲ್ಲಿ ಹೆಂಗಸರು ಅಂಗಳದಲ್ಲಿ ಸಾಲಾಗಿ ಕುಳಿತು ಸರಿರಾತ್ರಿಯವರೆಗೂ ಸುಲಿಯುತ್ತಿದ್ದರು. ಡಬ್ಬದ ಲೆಕ್ಕದಲ್ಲಿ ಕೂಲಿ. ಅಡಿಕೆಯ ಒಗರಿಗೆ ಅವ್ವನ ಬೆರಳೆಲ್ಲ ಕಪ್ಪು. ನನ್ನ ಹೈಸ್ಕೂಲಿನ ಫೀಜು, ಪುಸ್ತಕ, ಲಂಗ-ದಾವಣಿ ಎಲ್ಲ ಆ ಅಲಗಿನಿಂದಲೇ ಬಂದದ್ದು. ಈಗ ಸುಲಿಯುವ ಯಂತ್ರ ಬಂದಿದೆ, ಬಹಳ ಮನೆಗಳಲ್ಲಿ ಮೆಟ್ಟುಗತ್ತಿ ಮೂಲೆ ಸೇರಿದೆ.

ದೀಪಾವಳಿಗೆ ಬಂದ ಅವ್ವ ಅಡಿಗೆಮನೆಯೆಲ್ಲ ಕಣ್ಣಾಡಿಸಿ, "ನನ್ ಕತ್ತಿ ಎಲ್ಲೇ?" ಅಂದಳು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಡಿಕೆ ಇಲ್ದಿದ್ರೆ ಹೀರೇಕಾಯಿನಾದ್ರೂ ಹೆಚ್ಚಬಹುದಿತ್ತಲ್ಲೇ" ಅಂದಳು. ಅಷ್ಟೆ. ಅಂದಿನಿಂದ ನೆಂಟರ ಮನೆಗೆ ಹೋದಲ್ಲೆಲ್ಲ ಹಳೇ ಕತ್ತಿ ಕೇಳುವುದೇ ನನ್ನ ಕೆಲಸವಾಯಿತು.

ಹೊನ್ನಾಳಿಯ ಚಿಕ್ಕಮ್ಮ ಅಟ್ಟದಿಂದ ಈಳಿಗೆಮಣೆ ಇಳಿಸಿಕೊಟ್ಟರು. ಅದರ ತುದಿಯಲ್ಲಿ ಕಾಯಿ ತುರಿಯುವ ಹಲ್ಲೂ ಇದೆ. ಜಗಳೂರಿನ ನಾದಿನಿ ಕೊಟ್ಟದ್ದು ಸವೆದ ಕುಡುಗೋಲು. ಬಯಲುಸೀಮೆಯ ಆ ಹೊಲಗಳಲ್ಲಿ ಜೋಳ, ರಾಗಿ ಕೊಯ್ದು, ಈರುಳ್ಳಿ ಗರಿ ಕತ್ತರಿಸಿ ಸವೆದದ್ದು. ನಮ್ಮ ಈಳಿಗೆಗೆ ನೆಂಟರು ದೇಶದ ತುಂಬ ಇದ್ದಾರೆ ನೋಡಿ! ಮರಾಠಿಯವರ ವಿಳಿ, ತೆಲುಗರ ಕತ್ತಿಪೀಟ, ತಮಿಳರ ಅರಿವಾಳ್‌ಮಣೆ, ಬಂಗಾಳಿಗಳ ಬೊಂಟಿ ಎಲ್ಲವೂ ಇದೇ ಜಾತಿಯವು. ಕತ್ತಿ ನಿಂತಿರುತ್ತದೆ, ತರಕಾರಿ ಓಡಾಡುತ್ತದೆ. ಎರಡು ಕೈಯೂ ಬಿಡುವಾಗಿರುವುದರಿಂದ ಕುಂಬಳಕಾಯಿ, ಬಾಳೆದಿಂಡಿನಂಥ ದೊಡ್ಡ ವಸ್ತು ಸಲೀಸು.

ತುಕ್ಕು ತೆಗೆಯುವುದು ಹೀಗೆ

ಹುಣಸೆಹಣ್ಣನ್ನು ಗಟ್ಟಿಯಾಗಿ ಕಿವುಚಿ ಅಲಗಿಗೆ ಬಳಿದು ಅರ್ಧ ಗಂಟೆ ಬಿಡಿ. ತೆಂಗಿನ ನಾರಿಗೆ ಇಟ್ಟಿಗೆ ಪುಡಿ ಹಚ್ಚಿ, ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ಉಜ್ಜಿ. ಎಂದೂ ಬಾಯಿಯ ಮೇಲೆ ಉದ್ದಕ್ಕೆ ಕೈ ಎಳೆಯಬೇಡಿ. ತೊಳೆದು, ಕೂಡಲೇ ಒಣಬಟ್ಟೆಯಲ್ಲಿ ಒರೆಸಿ, ಎರಡು ಹನಿ ಕೊಬ್ಬರಿ ಎಣ್ಣೆ ಸವರಿ. ತುಕ್ಕು ತಿಂದು ತೂತು ಬಿದ್ದ ಅಲಗನ್ನು ಮಾತ್ರ ಆಸೆಪಟ್ಟು ಇಟ್ಟುಕೊಳ್ಳಬೇಡಿ.

ಸಾಣೆಯ ಗುಟ್ಟು

ಮೊಂಡು ಬಿದ್ದ ಕುಡುಗೋಲನ್ನು ನ್ಯಾಮತಿಯ ಒಂದು ಕುಲುಮೆಗೆ ಒಯ್ದಿದ್ದೆ. ಅಲ್ಲಿಯ ಹಿರಿಯರು ಹೇಳಿದ ಮಾತು: "ಮಿಷಿನ್ ಕಲ್ಲಿಗೆ ಬಿಸಿಯಾಗೋ ಹಂಗೆ ಹಿಡಿಸಬ್ಯಾಡ್ರವ್ವಾ. ಅಲಗು ನೀಲಿ ಆದ್ರೆ ಹದ ಹೋದಂಗೆ." ಕಬ್ಬಿಣವನ್ನು ಕೆಂಪಗೆ ಕಾಯಿಸಿ, ತಟ್ಟಿ, ನೀರಿಗದ್ದಿ ಕೊಟ್ಟ ಗಡಸುತನವೇ ಹದ. ಅದು ಹೋದರೆ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ. ಮನೆಯಲ್ಲಾದರೆ ಸಾಣೆಕಲ್ಲಿಗೆ ನೀರು ಚಿಮುಕಿಸಿ ನಿಧಾನವಾಗಿ ಮಸೆಯಿರಿ. ಮಣೆ ಅಲುಗುತ್ತಿದ್ದರೆ ಬಡಗಿಯಿಂದ ಬಿಗಿ ಮಾಡಿಸಿ. ಮಣೆಯನ್ನು ನೀರಿನಲ್ಲಿ ನೆನೆಸಬೇಡಿ, ನೆರಳಲ್ಲಿ ಒಣಗಿಸಿ.

ಬಳಸುವಾಗ

* ನಿಂಬೆ, ಮಾವಿನಕಾಯಿ ಹೆಚ್ಚಿದ ಕೂಡಲೇ ಅಲಗು ತೊಳೆಯಿರಿ. ಹುಳಿಗೆ ಕಬ್ಬಿಣ ಕಪ್ಪಾಗುತ್ತದೆ.
* ಬಾಳೆಹೂವು, ಬಾಳೆದಿಂಡನ್ನು ಹೆಚ್ಚಿದ ಹಾಗೆಯೇ ಮಜ್ಜಿಗೆ ನೀರಿಗೆ ಹಾಕಿದರೆ ಬಣ್ಣ ಕೆಡದು. ದಿಂಡನ್ನು ಬಿಲ್ಲೆ ಕತ್ತರಿಸುವಾಗ ನಾರನ್ನು ಬೆರಳಿಗೆ ಸುತ್ತಿಕೊಳ್ಳಿ.
* ಹಲಸಿನಕಾಯಿಯಾದರೆ ಕೈಗೂ ಅಲಗಿಗೂ ಎಣ್ಣೆ ಮರೆಯದಿರಿ.
* ಮಧ್ಯೆ ಎದ್ದು ಹೋಗುವಾಗ ಮಣೆಯನ್ನು ಮಗ್ಗುಲಾಗಿಸಿ ಗೋಡೆಯ ಕಡೆಗೆ ಬಾಯಿ ಮಾಡಿ ಇಡಿ. ಮಕ್ಕಳಿರುವ ಮನೆಯಲ್ಲಿ ಕೆಲಸ ಮುಗಿದ ಕೂಡಲೇ ಎತ್ತರದಲ್ಲಿಡಿ.
* ಗಾಯವಾದರೆ ಅರಿಶಿನ ಮೆತ್ತಿ ಸುಮ್ಮನಾಗಬೇಡಿ. ಸೋಪು ನೀರಿನಲ್ಲಿ ತೊಳೆದು, ಧನುರ್ವಾಯುವಿನ ಚುಚ್ಚುಮದ್ದು ಬೇಕೇ ಎಂದು ವೈದ್ಯರನ್ನು ಕೇಳಿ.
* ಮಂಡಿನೋವಿನವರು ನೆಲಕ್ಕೆ ಕೂರುವ ಹಟ ಮಾಡುವುದು ಬೇಡ. ಮೇಜಿನ ಅಂಚಿಗೆ ತಿರುಪಿನಿಂದ ಬಿಗಿಯುವ ಈಳಿಗೆ ಸಿಗುತ್ತದೆ.

ಆಯುಧಪೂಜೆಯ ದಿನ ಸ್ಕೂಟರು, ಮಿಕ್ಸಿಗಳ ಜೊತೆಗೆ ಈಗ ನಮ್ಮ ಮನೆಯಲ್ಲಿ ಇವಕ್ಕೂ ಕುಂಕುಮ, ಹೂವು ಉಂಟು. ಕಳೆದ ಬಾರಿ ಬಂದ ಅವ್ವ ಹೊನ್ನಾಳಿಯ ಈಳಿಗೆಯಲ್ಲಿ ಹೀರೇಕಾಯಿ ಹೆಚ್ಚಿದಳು. "ಪರವಾಗಿಲ್ಲ, ಹರಿತ ಐತೆ" ಅಂದಳು. ಆದರೆ ಅವಳ ಮೆಟ್ಟುಗತ್ತಿ ಮಾತ್ರ ಎಲ್ಲಿ ಹುಡುಕಿದರೂ ಸಿಗಲಿಲ್ಲ.

ಅದಕ್ಕೇ ಹೇಳುವುದು, ಸೋದರಿ. ಹಳೆಯದನ್ನೆಲ್ಲ ಇಟ್ಟುಕೊಳ್ಳಿ ಎಂದಲ್ಲ, ಮನೆ ಚಿಕ್ಕದು, ನನಗೂ ಗೊತ್ತು. ತಕ್ಕಡಿಗೆ ಹಾಕುವ ಮೊದಲು ಮನೆಯ ಹಿರಿಯ ಹೆಂಗಸನ್ನು, "ಇದು ಯಾರದು? ಇದರಲ್ಲಿ ಏನು ಮಾಡ್ತಿದ್ರಿ?" ಎಂದು ಒಂದು ಮಾತು ಕೇಳಿ. ಆಮೇಲೆ ಬೇಕಾದರೆ ಮಾರಿ.