ಖೆಡ್ಡಾ ಕಟ್ಟುವ ಮುನ್ನ

ಕಾಡಾನೆ ಹಿಂಡನ್ನು ಸುತ್ತುವರಿದು ಸೆರೆಹಿಡಿಯುವ ಖೆಡ್ಡಾ ಎಂದ ಕೂಡಲೇ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಕಾಕನಕೋಟೆ. ಕಬಿನಿ ಹೊಳೆ, ದಡದ ಮೇಲೆ ಅಟ್ಟಣೆ, ಅಟ್ಟಣೆಯ ಮೇಲೆ ಮಹಾರಾಜರ ಅತಿಥಿಗಳು, ಕೆಳಗೆ ನೀರಿಗಿಳಿಯುತ್ತಿರುವ ಆನೆ ಹಿಂಡು. ಹಳೆಯ ಫೋಟೊಗಳಲ್ಲಿ ಉಳಿದಿರುವುದು ಇದೇ ದೃಶ್ಯ. ಆದರೆ ಮೈಸೂರು ಸೀಮೆಯಲ್ಲಿ ಖೆಡ್ಡಾ ಮೊದಲು ಫಲಿಸಿದ್ದು ಚಾಮರಾಜನಗರದ ಕಾಡಿನಲ್ಲಿ, 1874ರ ಜೂನ್ ತಿಂಗಳಲ್ಲಿ. ಬಿಳಿಗಿರಿರಂಗನ ಬೆಟ್ಟಸಾಲಿನ ಬುಡದಲ್ಲಿ, ಜನ ಹೊನ್ನುಹೊಳೆ ಎನ್ನುವ ಸುವರ್ಣಾವತಿಯ ಆಸುಪಾಸಿನಲ್ಲಿ, ಒಂದೇ ಸಲಕ್ಕೆ ಐವತ್ತಕ್ಕೂ ಹೆಚ್ಚು ಆನೆಗಳು ಸೆರೆಯಾದವು.

ಈ ಕೆಲಸದ ಮುಂದಾಳು ಜಾರ್ಜ್ ಸ್ಯಾಂಡರ್ಸನ್ ಎಂಬ ಇಂಗ್ಲಿಷ್ ಅಧಿಕಾರಿ. ಆತ ಅರಣ್ಯ ಇಲಾಖೆಯವನೂ ಅಲ್ಲ, ಸೈನ್ಯದವನೂ ಅಲ್ಲ. ನಾಲೆಗಳ ಮೇಲ್ವಿಚಾರಣೆಯ ಕೆಲಸಕ್ಕೆಂದು ಈ ಕಡೆಗೆ ಬಂದು, ಹೊಳೆ ನಾಲೆಗಳ ಏರಿಯ ಮೇಲೆ ಓಡಾಡುತ್ತಲೇ ಆನೆಗಳ ನಡೆ ಗಮನಿಸಿದವನು. ಆಗ ಮೈಸೂರು ಬ್ರಿಟಿಷ್ ಕಮಿಷನರ್‌ಗಳ ಆಡಳಿತದಲ್ಲಿತ್ತು. ಒಡೆಯರ ಕೈಗೆ ರಾಜ್ಯ ಮರಳಿದ್ದು 1881ರಲ್ಲಿ. 1873ರಲ್ಲಿ ಸ್ಯಾಂಡರ್ಸನ್ ಕಾಡಾನೆ ಹಿಡಿಯುವ ಯೋಜನೆಯನ್ನು ಸರ್ಕಾರದ ಮುಂದಿಟ್ಟಾಗ ನಂಬಿದವರು ಕಡಿಮೆ. ನೂರು ವರ್ಷ ಮೊದಲು ಹೈದರಾಲಿ ಕಾಕನಕೋಟೆಯಲ್ಲಿ ಪ್ರಯತ್ನಿಸಿ ಸೋತಿದ್ದ. ಇನ್ನು ಮುಂದೆ ಯಾರೂ ಗೆಲ್ಲಲಾರರು, ಯತ್ನಿಸಿದವರಿಗೆ ಶಾಪ ತಟ್ಟಲಿ ಎಂದು ಕಲ್ಲಿನಲ್ಲಿ ಬರೆಸಿದ್ದಾನೆ ಎಂಬ ಮಾತನ್ನು ಸ್ಯಾಂಡರ್ಸನ್ ತನ್ನ ಪುಸ್ತಕದಲ್ಲಿಯೇ ದಾಖಲಿಸಿದ್ದಾನೆ. ಆ ಪುಸ್ತಕ 1878ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ನಮ್ಮ ಜಿಲ್ಲೆಯ ಕಾಡು ನೂರೈವತ್ತು ವರ್ಷದ ಹಿಂದೆ ಹೇಗಿತ್ತೆಂದು ತಿಳಿಯಬೇಕಾದವರು ಈಗಲೂ ಅದನ್ನೇ ತೆರೆಯಬೇಕು.

ಖೆಡ್ಡಾದಲ್ಲಿ ಗದ್ದಲ ಏಳುತ್ತಿದ್ದುದು ಒಂದು ದಿನ, ಹೆಚ್ಚೆಂದರೆ ಒಂದು ವಾರ. ಅದಕ್ಕೆ ಮೊದಲು ತಿಂಗಳುಗಟ್ಟಲೆ ನಡೆಯುತ್ತಿದ್ದ ಸದ್ದಿಲ್ಲದ ಸಿದ್ಧತೆಯಲ್ಲೇ ಸೋಲು ಗೆಲುವು ಇತ್ಯರ್ಥವಾಗಿಬಿಡುತ್ತಿತ್ತು. ಅದು ನಡೆಯುತ್ತಿದ್ದ ಬಗೆ ಹೀಗೆ.

ಮೊದಲಿನದು ಕಾಲ ನೋಡುವುದು. ಚಾಮರಾಜನಗರದ ಕಾಡಿನಲ್ಲಿ ಆನೆಗಳು ವರ್ಷವಿಡೀ ಒಂದೇ ಕಡೆ ನಿಲ್ಲುವುದಿಲ್ಲ. ಮುಂಗಾರಿನ ಮೊದಲ ಮಳೆ ಬಿದ್ದು ಬೆಟ್ಟದ ಬುಡದ ಕುರುಚಲು ಕಾಡಿನಲ್ಲಿ ಎಳೆ ಹುಲ್ಲು ಚಿಗುರಿದಾಗ ಹಿಂಡುಗಳು ಕೆಳಗಿಳಿಯುತ್ತವೆ. ಹುಲ್ಲು ಬಲಿತು ಒಣಗಿದರೆ ನೀರು, ನೆರಳು ಇರುವ ಕಣಿವೆಗಳಿಗೆ ಸರಿಯುತ್ತವೆ. ಹಿಂಡನ್ನು ನಡೆಸುವ ಹಿರಿಯ ಹೆಣ್ಣಾನೆಗೆ ಯಾವ ತಿಂಗಳು ಯಾವ ಹಳ್ಳದಲ್ಲಿ ನೀರಿರುತ್ತದೆಂಬ ನೆನಪಿರುತ್ತದೆ. ಆದ್ದರಿಂದ ದಾರಿ ವರ್ಷದಿಂದ ವರ್ಷಕ್ಕೆ ಹೆಚ್ಚು ಬದಲಾಗದು. ಈ ವೇಳಾಪಟ್ಟಿ ಯಾವ ಕಚೇರಿಯ ಕಡತದಲ್ಲೂ ಇರಲಿಲ್ಲ. ಇದ್ದದ್ದು ಬೆಟ್ಟದ ಸೋಲಿಗರ ತಲೆಯಲ್ಲಿ, ಬಯಲಿನ ಉಪ್ಪಲಿಗರ ಕಣ್ಣಿನಲ್ಲಿ. ತಾನು ಮೋರ್ಲೆ ಎಂದು ಬರೆಯುವ ಹಳ್ಳಿಯಲ್ಲಿ ಬಿಡಾರ ಹೂಡಿದ್ದ ಸ್ಯಾಂಡರ್ಸನ್, ಜಾಡು ಹಿಡಿಯಲು ನೆಚ್ಚಿಕೊಂಡದ್ದು ಇವರನ್ನೇ. ಲದ್ದಿ ಮುಟ್ಟಿ ಎಷ್ಟು ಹೊತ್ತಿನದೆಂದು ಹೇಳುವುದು, ಮುರಿದ ಬಿದಿರಿನ ಹಸಿ ನೋಡಿ ಹಿಂಡು ಎತ್ತ ಹೋಯಿತೆಂದು ತಿಳಿಯುವುದು, ಮುಂಗಾಲಿನ ಹೆಜ್ಜೆಯ ಸುತ್ತಳತೆಯಿಂದ ಆನೆಯ ಎತ್ತರ ಲೆಕ್ಕ ಹಾಕುವುದು ಅವರಿಗೆ ನಿತ್ಯದ ವಿದ್ಯೆ. ಈ ಹೆಜ್ಜೆ ಲೆಕ್ಕ ಇವತ್ತಿಗೂ ನಿಲ್ಲುತ್ತದೆ: ಮುಂಗಾಲಿನ ಸುತ್ತಳತೆಯ ಎರಡರಷ್ಟು ಹೆಚ್ಚುಕಡಿಮೆ ಆನೆಯ ಹೆಗಲಿನ ಎತ್ತರ.

ಎರಡನೆಯದು ಜಾಗ. ಆನೆಯನ್ನು ಅದಕ್ಕೆ ಇಷ್ಟವಿಲ್ಲದ ಕಡೆಗೆ ಓಡಿಸುವುದು ಬಹಳ ಕಷ್ಟ. ಅದು ಹೋಗಬೇಕೆಂದಿರುವ ಕಡೆಗೇ ಸ್ವಲ್ಪ ಅವಸರ ಮಾಡಿಸುವುದು ಸುಲಭ. ಹಾಗಾಗಿ ಸೆರೆಕಟ್ಟೆಯನ್ನು ಆನೆದಾರಿಯ ಮೇಲೆಯೇ, ಗಿಡಮರ ದಟ್ಟವಾಗಿರುವಲ್ಲಿ, ದೂರದಿಂದ ಕಾಣದಂತೆ ಕಟ್ಟಬೇಕು. ದಪ್ಪ ಮರದ ದಿಮ್ಮಿಗಳನ್ನು ಒತ್ತೊತ್ತಾಗಿ ನೆಟ್ಟು, ಅಡ್ಡಗಟ್ಟಿ, ಹೊರಗಿನಿಂದ ಆಸರೆ ಕೊಟ್ಟು ಸುಮಾರು 12 ಅಡಿ ಎತ್ತರದ ದುಂಡು ಬೇಲಿ ನಿಲ್ಲಿಸುತ್ತಿದ್ದರು. ಬೇಲಿಯ ಒಳಮೈಗೆ ಕಂದಕ. ಒಂದು ಕಡೆ ಬಾಗಿಲು. ಬಾಗಿಲಿನ ಎರಡೂ ಬದಿಯಿಂದ ಮೊರದ ಬಾಯಿಯ ಹಾಗೆ ಅಗಲವಾಗುತ್ತ ಹೊರಚಾಚುವ ಎರಡು ಸಾಲು ಬೇಲಿ. ಹಿಂಡು ಆ ಅಗಲ ಬಾಯಿಗೆ ಬಂದರೆ ಮುಂದೆ ಕಿರಿದಾಗುವುದು ಅದರ ಅರಿವಿಗೆ ಬರುವ ಹೊತ್ತಿಗೆ ತಡವಾಗಿರುತ್ತದೆ. ಬಾಗಿಲು ಮೇಲಿನಿಂದ ಹಗ್ಗದಲ್ಲಿ ತೂಗುಬಿಟ್ಟ ಭಾರದ ಚೌಕಟ್ಟು, ಒಳಮೈಯಲ್ಲಿ ಕಬ್ಬಿಣದ ಮೊಳೆ. ಕೊನೆಯ ಆನೆ ಒಳಹೊಕ್ಕ ಕ್ಷಣ, ಮರದ ಮೇಲೆ ಕುಳಿತವನು ಹಗ್ಗ ಕಡಿದರೆ ಅದು ಧಡ್ಡೆಂದು ಕೆಳಗಿಳಿಯುತ್ತದೆ. ಹೊಸದಾಗಿ ಕಡಿದ ಮರದ ಬಿಳಿ ಗಾಯ ಕಾಣದಂತೆ ಸೊಪ್ಪು ಹೊದಿಸುವುದೂ ಕೆಲಸದ ಒಂದು ಪಾಲು.

1874ರಲ್ಲಿ ಚಾಮರಾಜನಗರದಲ್ಲಿ ಪೂರಾ ಹೀಗೆಯೇ ನಡೆಯಲಿಲ್ಲ. ಅಲ್ಲಿ ನಾಲೆ ಅಧಿಕಾರಿಯ ತಲೆ ಕೆಲಸ ಮಾಡಿತು. ಹೊಳೆಯ ದಡ, ನೀರಾವರಿ ನಾಲೆ, ಹೊಸದಾಗಿ ತೋಡಿದ ಕಂದಕ ಮೂರನ್ನೂ ಸೇರಿಸಿ ಆವರಣ ಮಾಡಿಕೊಂಡರು. ಇದರ ಹಿಂದಿನ ಗುಟ್ಟು ಸರಳ. ಆನೆ ಈಜಬಲ್ಲದು, ಕಡಿದಾದ ಬೆಟ್ಟ ಹತ್ತಬಲ್ಲದು, ಆದರೆ ಹಾರಲಾರದು. ನಾಲ್ಕೂ ಕಾಲು ಒಮ್ಮೆಗೇ ನೆಲ ಬಿಡುವಂತೆ ಅದರ ಮೈ ಕಟ್ಟಿಲ್ಲ. ಆಳವಿದ್ದು, ದಂಡೆ ನೇರವಾಗಿದ್ದರೆ ಏಳು ಅಡಿ ಅಗಲದ ಕಂದಕವೂ ಅದನ್ನು ತಡೆಯುತ್ತದೆ.

ಇನ್ನು ಹೆಚ್ಚು ಎದೆಗಾರಿಕೆ ಬೇಡುವ ಹಂತ, ಹಿಂಡನ್ನು ಸುತ್ತುವರಿಯುವುದು. ಮೈಲುಗಟ್ಟಲೆ ಸುತ್ತಳತೆಯ ಕಾಡಿಗೆ ನೂರಾರು ಜನ ಎರಡು ಸಾಲಾಗಿ ಹೊರಡುತ್ತಾರೆ. ಒಂದು ಸಾಲು ಎಡಕ್ಕೆ, ಇನ್ನೊಂದು ಬಲಕ್ಕೆ. ದಾರಿಯುದ್ದಕ್ಕೂ ಅಷ್ಟಷ್ಟು ದೂರಕ್ಕೆ ಇಬ್ಬಿಬ್ಬರನ್ನು ನಿಲ್ಲಿಸುತ್ತ ಹೋಗಿ, ಹಿಂಡಿನ ಆಚೆ ಬದಿಯಲ್ಲಿ ಎರಡೂ ಸಾಲು ಕೂಡಬೇಕು. ಅಲ್ಲಿಯವರೆಗೆ ಮಾತಿಲ್ಲ, ಕೆಮ್ಮಿಲ್ಲ, ಬೀಡಿಯಿಲ್ಲ. ಗಾಳಿ ದಿಕ್ಕು ತಿರುಗಿ ಮನುಷ್ಯರ ವಾಸನೆ ಒಳಗೆ ಹೋದರೆ ತಿಂಗಳುಗಳ ದುಡಿಮೆ ಅಲ್ಲಿಗೆ ಮುಗಿಯಿತು. ಸುತ್ತು ಕೂಡಿದ ಮೇಲೆ ಕೆಲವೇ ತಾಸಿನಲ್ಲಿ ಬಿದಿರು ಸೀಳಿ ತೆಳುವಾದ ಬೇಲಿ ಎಬ್ಬಿಸುತ್ತಾರೆ. ಒಂದು ಸಲಗ ಮನಸ್ಸು ಮಾಡಿದರೆ ಆ ಬೇಲಿ ನಿಲ್ಲದು. ಆನೆಯನ್ನು ಅಳುಕಿಸಲಷ್ಟೇ ಅದು. ಹಗಲು ಹಿಂಡು ಮರೆಯಲ್ಲಿ ನಿಂತು ತೂಕಡಿಸುತ್ತದೆ, ಕಾವಲಿನವರಿಗೂ ಬಿಡುವು. ಕತ್ತಲಾದ ಮೇಲೆ ನೀರಿಗೆ, ಮೇವಿಗೆ ಹೊರಡುವ ಆನೆಗಳು ಬೇಲಿ ಪರೀಕ್ಷಿಸಲು ಬರುತ್ತವೆ. ಆಗ ಪ್ರತಿ ಠಾಣೆಯಲ್ಲೂ ಬೆಂಕಿ ಉರಿಯಬೇಕು; ತಮಟೆ, ಕೊಂಬು, ಬಿದಿರಿನ ಪಟಪಟ, ಬೇಕಾದರೆ ಗುಂಡಿಲ್ಲದ ತೋಟೆಯ ಸದ್ದು. ಸುತ್ತಿನೊಳಗೆ ನೀರು, ಮೇವು ಸಾಕಷ್ಟು ಇರುವಂತೆ ಮೊದಲೇ ನೋಡಿಕೊಂಡಿರಬೇಕು. ಹಸಿದ ಹಿಂಡು ಬೆಂಕಿಗೂ ಹೆದರದು. ಹೀಗೆ ನಾಲ್ಕು ದಿನವಾಗಬಹುದು, ಹತ್ತಾಗಬಹುದು. ಸೆರೆಕಟ್ಟೆ ಕಟ್ಟಿ ಮುಗಿಯುವವರೆಗೂ ಈ ಜನ ಅಲ್ಲೇ, ಮಳೆಯಲ್ಲೇ, ಜಾಗ ಬಿಟ್ಟು ಕದಲದೆ ಇರಬೇಕು. ಖೆಡ್ಡಾದ ನಿಜವಾದ ಸಾಹಸಿಗರು ಇವರು ಎಂದೇ ನಾನು ತಿಳಿದಿದ್ದೇನೆ. ಸ್ಯಾಂಡರ್ಸನ್ನನ ಹೆಸರು ಪುಸ್ತಕದ ಹೊದಿಕೆಯ ಮೇಲಿದೆ. ಆ ರಾತ್ರಿಗಳಲ್ಲಿ ಬೆಂಕಿ ಕಾಯ್ದ ಸೋಲಿಗರ, ಉಪ್ಪಲಿಗರ, ಊರ ಕೂಲಿಗಳ ಹೆಸರುಗಳು ಅಂಥ ಎದ್ದುಕಾಣುವ ಜಾಗದಲ್ಲಿ ಎಲ್ಲೂ ಬರಲಿಲ್ಲ.

ಕೊನೆಯ ದಿನದ ಸೋವು ಬೇಗ ಮುಗಿಯುತ್ತದೆ. ಹಿಂದಿನ ಸಾಲು ಗದ್ದಲ ಮಾಡುತ್ತ ಮುಂದೊತ್ತುತ್ತದೆ, ಪಕ್ಕದವರು ಸದ್ದಿಲ್ಲದೆ ಕಾಯುತ್ತಾರೆ, ಹಿಂಡು ತನ್ನ ಹಳೆಯ ದಾರಿಯಲ್ಲಿಯೇ ನಡೆದು ಬಾಗಿಲು ದಾಟುತ್ತದೆ. ಬಳಿಕ ಪಳಗಿದ ಕುಮ್ಕಿ ಆನೆಗಳ ಸರದಿ. ಮಾವುತರು ಅವುಗಳ ಕೊರಳ ಮೇಲೆ ಮೈ ಬಾಗಿಸಿ ಕುಳಿತು ಒಳಗೆ ಹೋಗುತ್ತಾರೆ. ಮೇಲೆ ಕುಳಿತ ಮನುಷ್ಯನನ್ನು ಕಾಡಾನೆ ಸಾಮಾನ್ಯವಾಗಿ ಎಳೆದು ಹಾಕಲು ಹೋಗುವುದಿಲ್ಲ, ಕುಮ್ಕಿಯ ಮೈಯ ಭಾಗವೆಂದೇ ಬಗೆಯುತ್ತದೆ. ಎರಡು ಕುಮ್ಕಿಗಳ ನಡುವೆ ಅದನ್ನು ಒತ್ತಿ ಹಿಡಿದಾಗ ಒಬ್ಬ ಹಿಂಬದಿಯಿಂದ ಜಾರಿ ಇಳಿದು ಹಿಂಗಾಲಿಗೆ ಹಗ್ಗ ಸುತ್ತುತ್ತಾನೆ. ಆ ಹಗ್ಗದ ಇನ್ನೊಂದು ತುದಿ ಮರಕ್ಕೆ.

ಇಲ್ಲಿಂದ ಮುಂದಿನದು ಬರೆಯಲು ಹಿತವಾದದ್ದಲ್ಲ. ಸೆಣಸಾಡಿದಷ್ಟೂ ಹಗ್ಗ ಚರ್ಮ ಕೊರೆದು ಹುಣ್ಣಾಗುತ್ತದೆ. ತಾಯಿಗೆ ಹಾಲು ಬತ್ತಿದರೆ ಮರಿ ಉಳಿಯದು. ದೊಡ್ಡ ಆನೆಗಳಲ್ಲಿ ಕೆಲವು ಯಾವ ಗಾಯವೂ ಇಲ್ಲದೆ ಸತ್ತುಹೋಗುತ್ತಿದ್ದವು. 1874ರಿಂದ 1971ರವರೆಗೆ ಮೈಸೂರಿನ ಖೆಡ್ಡಾಗಳಲ್ಲಿ ಒಟ್ಟು ಸಾವಿರದೈನೂರರಷ್ಟು ಆನೆಗಳು ಸೆರೆಯಾದವು. ಹಿಡಿಯುವಾಗಲೋ ಪಳಗಿಸುವಾಗಲೋ ಸತ್ತವು ಇನ್ನೂರಕ್ಕೂ ಮಿಕ್ಕು. ಅದಕ್ಕೆ ಮೊದಲಿದ್ದ ಗುಂಡಿ ತೋಡಿ ಬೀಳಿಸುವ ಪದ್ಧತಿಯಲ್ಲಿ ಕಾಲು ಮುರಿದು ಸಾಯುವುದು ಇನ್ನೂ ಹೆಚ್ಚಿತ್ತು, ಅದಕ್ಕಿಂತ ಇದು ವಾಸಿ ಎಂಬುದು ಅಂದಿನವರ ವಾದ. ಹೋಲಿಕೆ ಸರಿಯಿರಬಹುದು. ಆದರೂ ಹಿಂಡಿಗೆ ಹಿಂಡನ್ನೇ, ಅಜ್ಜಿಯಿಂದ ಹಾಲು ಕುಡಿಯುವ ಮರಿಯವರೆಗೆ, ಒಂದೇ ಮಧ್ಯಾಹ್ನ ಕಾಡಿನಿಂದ ಕಿತ್ತು ತೆಗೆಯುವುದನ್ನು ಒಳ್ಳೆಯ ಕೆಲಸವೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಚಾಮರಾಜನಗರದಲ್ಲಿ ಕೈಗೂಡಿದ ವಿದ್ಯೆ ಕಾಕನಕೋಟೆಗೆ ಹೋಗಿ ರಾಜವೈಭವ ಪಡೆಯಿತು. 1889ರಲ್ಲಿ ರಾಣಿ ವಿಕ್ಟೋರಿಯಾರ ಮೊಮ್ಮಗ ಆಲ್ಬರ್ಟ್ ವಿಕ್ಟರ್, 1906ರಲ್ಲಿ ಮುಂದೆ ಐದನೆಯ ಜಾರ್ಜ್ ಆದ ಯುವರಾಜ ಖೆಡ್ಡಾ ನೋಡಲು ಬಂದರು. ಹಿಂಡನ್ನು ಕಬಿನಿ ದಾಟಿಸಿ ಹಿಡಿಯುವ ದೃಶ್ಯಕ್ಕಾಗಿ ತಿಂಗಳುಗಳ ಮೊದಲೇ ರಸ್ತೆ, ಡೇರೆ, ಅಟ್ಟಣೆಗಳ ಏರ್ಪಾಡು. ಇತ್ತ ಗುಂಡ್ಲುಪೇಟೆ ಕಡೆಯ ಬಂಡೀಪುರದ ಕಾಡು ಅರಸರ ಬೇಟೆಯ ನೆಲವಾಗಿದ್ದು, 1931ರಲ್ಲಿ ಅದರ ಒಂದು ತುಣುಕನ್ನು ಅಭಯಾರಣ್ಯ ಮಾಡಿದರು. 1941ರಲ್ಲಿ ಅದನ್ನು ವಿಸ್ತರಿಸಿ, ಗೋಪಾಲಸ್ವಾಮಿ ಬೆಟ್ಟದ ದೇವರ ಹೆಸರಿನಲ್ಲಿ ವೇಣುಗೋಪಾಲ ವನ್ಯಜೀವಿ ಉದ್ಯಾನವೆಂದರು. ಕೊನೆಯ ಖೆಡ್ಡಾ ಕಾಕನಕೋಟೆಯಲ್ಲಿ ನಡೆದದ್ದು 1971ರ ಜನವರಿಯಲ್ಲಿ. ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, 1973ರಲ್ಲಿ ಬಂಡೀಪುರ ದೇಶದ ಮೊದಲ ಒಂಬತ್ತು ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಒಂದಾಯಿತು, ಕಬಿನಿ ಜಲಾಶಯದ ನೀರು ಹಳೆಯ ಖೆಡ್ಡಾ ನೆಲದ ಮೇಲೆ ಹರಡಿತು. 1977ರಲ್ಲಿ ಆನೆ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿತು. ಈಗ ಊರಿಗೆ ನುಗ್ಗಿ ಪ್ರಾಣಹಾನಿ ಮಾಡುವ ಒಂದೋ ಎರಡೋ ಆನೆಯನ್ನು ಮಾತ್ರ ಅನುಮತಿ ಪಡೆದು, ಅರಿವಳಿಕೆ ಚುಚ್ಚಿ, ಕುಮ್ಕಿಗಳ ನೆರವಿನಿಂದ ಹಿಡಿಯುತ್ತಾರೆ.

ಈ ಹಳೆಯ ಸಿದ್ಧತೆಯನ್ನು ಇಷ್ಟು ವಿವರವಾಗಿ ಹೇಳಿದ್ದಕ್ಕೆ ಕಾರಣವಿದೆ. ಅದರ ಒಂದೊಂದು ತುಂಡೂ ಇಂದು ನಮ್ಮ ಜಿಲ್ಲೆಯಲ್ಲಿ ಬೇರೆ ಕೆಲಸಕ್ಕೆ ಬಳಕೆಯಾಗುತ್ತಿದೆ. ಆನೆಯನ್ನು ಒಳಗೆ ಕೂಡಲು ತೋಡುತ್ತಿದ್ದ ಕಂದಕವನ್ನೇ ಗುಂಡ್ಲುಪೇಟೆ ತಾಲ್ಲೂಕಿನ ಕಾಡಂಚಿನ ಹೊಲಗಳ ಪಕ್ಕ ಆನೆಯನ್ನು ಹೊರಗಿಡಲು ತೋಡುತ್ತಾರೆ. ಮೂರು ಮೀಟರ್ ಅಗಲ, ಮೂರು ಮೀಟರ್ ಆಳ. ಮಳೆಗೆ ದಂಡೆ ಕುಸಿದರೆ, ಇಲ್ಲವೇ ಆನೆಯೇ ಕಾಲಿನಿಂದ ಮಣ್ಣು ಕೆಡವಿ ಇಳಿಜಾರು ಮಾಡಿಕೊಂಡರೆ ಅದು ವ್ಯರ್ಥ. ಆದ್ದರಿಂದ ಕಂದಕ ತೋಡಿದಷ್ಟೇ ಮುಖ್ಯ, ಪ್ರತಿ ಮಳೆಗಾಲದ ನಂತರ ಅದರ ಹೂಳೆತ್ತಿ ದಂಡೆ ನೇರ ಮಾಡುವುದು. ಲದ್ದಿ ನೋಡುವ ವಿದ್ಯೆ ಆನೆ ಗಣತಿಗೆ ಬಂತು. 2023ರ ಮೇ ತಿಂಗಳ ಗಣತಿಯಲ್ಲಿ ಮೊದಲ ದಿನ ಗೊತ್ತುಮಾಡಿದ ತುಂಡು ಕಾಡಿನಲ್ಲಿ ನಡೆದು ನೇರವಾಗಿ ಎಣಿಸಿದರು, ಎರಡನೆಯ ದಿನ ಸೀಳುದಾರಿಯಲ್ಲಿ ಲದ್ದಿ ಲೆಕ್ಕ ಹಾಕಿದರು, ಮೂರನೆಯ ದಿನ ನೀರಿನ ತಾಣಗಳಲ್ಲಿ ಕಾದು ಕುಳಿತರು. ರಾಜ್ಯದಲ್ಲಿ 6,395 ಆನೆಗಳೆಂದು ಅಂದಾಜಾಯಿತು, ಬಂಡೀಪುರ ಒಂದರಲ್ಲೇ 1,116.

ಎಲ್ಲಕ್ಕಿಂತ ಬೆಲೆಬಾಳುವುದು ಆನೆದಾರಿಯ ತಿಳಿವು. ಖೆಡ್ಡಾದವರು ಆ ದಾರಿಗೆ ಅಡ್ಡ ಬಾಗಿಲು ಇಟ್ಟು ಗೆದ್ದರು. ಇವತ್ತು ಅದೇ ದಾರಿಗೆ ನಾವು ಗೊತ್ತಿಲ್ಲದೆಯೇ ಬಾಗಿಲು ಇಡುತ್ತಿದ್ದೇವೆ: ಒಂದು ತೋಟದ ಮನೆ, ಒಂದು ಸೋಲಾರ್ ಬೇಲಿ, ಒಂದು ರೆಸಾರ್ಟ್, ರಾತ್ರಿಯಿಡೀ ಲಾರಿ ಓಡುವ ಒಂದು ರಸ್ತೆ. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ನಿಲ್ಲಿಸುವ ನಿಯಮ 2009ರಿಂದ ಇರುವುದು ಸುಮ್ಮನೆ ಅಲ್ಲ. ಮೋಯಾರ್ ಕಮರಿಯ ಅಂಚಿನ ಕಣಿಯನಪುರ ದಾರಿ, ಬಿಳಿಗಿರಿರಂಗನ ಬೆಟ್ಟವನ್ನು ಪೂರ್ವದ ಕಾಡಿಗೆ ಸೇರಿಸುವ ಎಡೆಯಾರಹಳ್ಳಿ–ದೊಡ್ಡಸಂಪಿಗೆ ದಾರಿ, ಇವು ಮುಚ್ಚಿದರೆ ಹಿಂಡು ಹೊಲಕ್ಕಿಳಿಯದೆ ಬೇರೆ ಗತಿಯಿಲ್ಲ. ಎಡೆಯಾರಹಳ್ಳಿ–ದೊಡ್ಡಸಂಪಿಗೆಯಲ್ಲಿ ಖಾಸಗಿ ಜಮೀನು ಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಿ ದಾರಿ ಉಳಿಸಿದ ಉದಾಹರಣೆಯೂ ಇದೆ.

2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಹಕ್ಕುಪತ್ರ ಸಿಕ್ಕಿದ್ದು ಸರಿ. ಅವರ ತಿಳಿವಿಗೂ ಮನ್ನಣೆ ಸಿಗಬೇಕು. ಚಾಮರಾಜನಗರ, ಗುಂಡ್ಲುಪೇಟೆ ಕಾಡಂಚಿನಲ್ಲಿ ಜಮೀನು ಕೊಳ್ಳಲು, ಮನೆ ಕಟ್ಟಲು, ಬೇಲಿ ಹಾಕಲು ಹೊರಟವರು ಪಹಣಿ, ನಕ್ಷೆ ನೋಡುವ ಹಾಗೆಯೇ ಹತ್ತಿರದ ಸೋಲಿಗರ ಪೋಡಿಗೆ ಹೋಗಿ ಹಿರಿಯರನ್ನು ಒಂದು ಮಾತು ಕೇಳಿ: ಮುಂಗಾರಿನಲ್ಲಿ ಆನೆ ಎಲ್ಲಿ ಇಳಿಯುತ್ತದೆ, ಬೇಸಿಗೆಯಲ್ಲಿ ಯಾವ ಹಳ್ಳಕ್ಕೆ ಹೋಗುತ್ತದೆ, ಯಾವ ಕಡೆ ದಾಟುತ್ತದೆ. ಅವರು ತೋರಿಸಿದ ಪಟ್ಟಿಯಲ್ಲಿ ಏನನ್ನೂ ಕಟ್ಟಬೇಡಿ.